ಹದಿನಾಲ್ಕನೇ ಕಾಲಂ

ಜನವರಿ ೯

ಅಮ್ಮಾ,

ಫೋನ್ ಮಾಡಿದರೆ “ಹಾಂ? ಹಾಂ?” ಅನ್ನುತ್ತೀಯ. ಕಿವಿಗೆ ಮಷೀನು ಹಾಕಿಸಿಕೋ ಅಂದರೆ “ನನಗೆ ಕೇಳಬೇಕಾದ್ದು ಕೇಳಿಸುತ್ತೆ” ಅನ್ನುತ್ತೀಯ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ, ನಾನು ಸಿಟ್ಟಿನಲ್ಲಿ ಫೋನ್ ಇಡುವ ಹಾಗೂ ಇಲ್ಲ.

ಮಗುವಿಗೆ ಮೂರು ತಿಂಗಳು ತುಂಬಿತು. ನಿನ್ನ ಅಳಿಯ ಅವಳಿಗೆ ‘ಅಲಾರಂ’ ಅಂತ ಹೆಸರಿಟ್ಟಿದ್ದಾರೆ, ಎರಡು ಗಂಟೆಗೊಮ್ಮೆ ತಪ್ಪದೆ ಹೊಡೆದುಕೊಳ್ಳುತ್ತಾಳೆ ಅಂತ. ಅವಳು ಅತ್ತರೆ ಯಾಕೆ ಅಳುತ್ತಿದ್ದಾಳೆ ಅಂತ ಎದ್ದು ಕೂರುತ್ತೇನೆ. ಅಳದಿದ್ದರೆ ಯಾಕೆ ಅಳುತ್ತಿಲ್ಲ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ನಾನೂ ಒಬ್ಬ ಡಾಕ್ಟರ್!

ಮಂಗಳವಾರ ಕಾನ್‌ಸ್ಟೇಬಲ್ ಒಬ್ಬ ಸಮನ್ಸ್ ತಂದ. ಮಗು ನನ್ನ ಹೆಗಲ ಮೇಲಿತ್ತು. ಅವನ ಪುಸ್ತಕದಲ್ಲಿ ಸಹಿ ಮಾಡುವಾಗ ಅವಳು ಸರಿಯಾಗಿ ಅದರ ಮೇಲೇ ಹಾಲು ಕಕ್ಕಿದಳು. “ಇರ್ಲಿ ಮೇಡಂ, ಸಾಕ್ಷಿ ಹೇಳೋಕೆ ಅವರೂ ರೆಡಿ” ಅಂದ ಪುಣ್ಯಾತ್ಮ. ಮಾರ್ಚ್ ನಾಲ್ಕಕ್ಕೆ ನಾನು ಕೋರ್ಟಿನಲ್ಲಿರಬೇಕು.

ನಾನು ರಜೆಗೆ ಹೋಗುವ ವಾರ, ಸೆಪ್ಟೆಂಬರಿನಲ್ಲಿ, ಒಬ್ಬ ಹೆಂಗಸನ್ನು ಪರೀಕ್ಷೆಗೆ ಕರೆತಂದಿದ್ದರು. ನಮ್ಮ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅಲ್ಲಿಯ ಮೇಲ್ವಿಚಾರಕನ ಮೇಲೆ ಬಲಾತ್ಕಾರದ ದೂರು. ಅವಳ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಒಂದರ ಪಕ್ಕ ಒಂದು, ಒಳಗಡೆ ಹೆಬ್ಬೆರಳಿನದು. ಅಳತೆ ತೆಗೆದು, ಚಿತ್ರ ಬರೆದು, ಎಲ್ಲ ದಾಖಲಿಸಿದೆ. ಮೂರನೇ ಪುಟಕ್ಕೆ ಬಂದಾಗ ಅದೇ ಹದಿನಾಲ್ಕನೇ ಕಾಲಂ. ಹಳೇ ಫಾರಂ, ಇನ್ನೂ ಕಟ್ಟುಗಟ್ಟಲೆ ಉಳಿದಿದೆಯಂತೆ, ಮುಗಿಯುವ ತನಕ ಅದೇ. ಅವಳ ಹಿಂದಿನ ಬದುಕಿನ ಬಗ್ಗೆ ಡಾಕ್ಟರ್ ಅಭಿಪ್ರಾಯ ಹೇಳಬೇಕಾದ ಕಾಲಂ. ಅಂಥ ಪರೀಕ್ಷೆ ಮಾಡಬಾರದು, ಅದರಿಂದ ಏನೂ ತಿಳಿಯುವುದೂ ಇಲ್ಲ ಅಂತ ಮೇಲಿನ ಕೋರ್ಟು ಹೇಳಿದ ಮೇಲೂ ಅದು ಅಲ್ಲೇ ಕೂತಿದೆ. ಅವಳ ಎದುರಿಗೇ ಅದರ ಮೇಲೆ ಅಡ್ಡಗೆರೆ ಎಳೆದೆ. “ಇದು ಕೇಳೋ ಪ್ರಶ್ನೆನೇ ಅಲ್ಲ, ನಾನು ಬರೆಯಲ್ಲ” ಅಂದೆ. ಇದೇ ವಿಷಯಕ್ಕೆ ನೀನು “ನಿನಗೆ ಕೊಬ್ಬು” ಅಂದಿದ್ದೆಯಲ್ಲ, ಆಮೇಲೆ ನಾವಿಬ್ಬರೂ ಮಗುವಿನ ಭೇದಿ, ತೂಕ ಬಿಟ್ಟು ಬೇರೇನೂ ಮಾತಾಡಿಲ್ಲ.

ಸಮನ್ಸಿನ ಜೊತೆ ವರದಿಯ ನಕಲು ಬಂದಿದೆ. ಟೈಪ್ ಮಾಡಿದ್ದು. ಮೂರನೇ ಪುಟ, ಹದಿನಾಲ್ಕನೇ ಕಾಲಂ: “ಈಕೆ ಸಂಭೋಗಕ್ಕೆ ರೂಢಿಯಾದವಳೆಂದು ಅಭಿಪ್ರಾಯಪಡಲಾಗಿದೆ.”

ಕೆಳಗೆ ನನ್ನ ಸಹಿ. ನನ್ನದೇ. ರಜೆಗೆ ಹೋಗುವ ದಿನ ಕಾಲು ಊದಿಕೊಂಡು, ಕುರ್ಚಿಯಿಂದ ಏಳಲಾರದೆ, ಟೈಪಾಗಿ ಬಂದ ಕಟ್ಟಿಗೆ ಓದದೆ ಸಹಿ ಹಾಕಿದ್ದೆ.

ಸಾಲು ಯಾರದ್ದು ಅಂತ ನೋಡಿದ ತಕ್ಷಣ ಗೊತ್ತಾಯಿತು. ಚಿಕ್ಕವಳಿದ್ದಾಗ ಇದೇ ಆಸ್ಪತ್ರೆಯ ನಿನ್ನ ಕೋಣೆಯ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದೆ, ನೀನು ನಿನ್ನ ವರದಿಗಳನ್ನು ಟೈಪಿಸ್ಟ್ ಮಾಮನಿಗೆ ಹೇಳಿ ಬರೆಸುತ್ತಿದ್ದೆ. ಮೂರನೇ ಕ್ಲಾಸಿನಲ್ಲಿ ನಾನು “ಹಸು ಹಾಲು ಕೊಡುತ್ತದೆಂದು ಅಭಿಪ್ರಾಯಪಡಲಾಗಿದೆ” ಅಂತ ಪ್ರಬಂಧ ಬರೆದು, ಟೀಚರು ಸ್ಟಾಫ್ ರೂಮಿನಲ್ಲೆಲ್ಲ ಓದಿ ನಕ್ಕಿದ್ದು ನೆನಪಿದೆಯಾ?

ಈಗ ನಗು ಬರುತ್ತಿಲ್ಲ. ಏನು ಮಾಡಲಿ, ಹೇಳು.

ನಿನ್ನ ಮಗಳು


ಜನವರಿ ೧೭

ಮಗಳೇ,

ಮಗುವಿನ ತೂಕ ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರಿ. ಮೂಗಿನ ಹತ್ತಿರ ಬೆರಳಿಡುವುದನ್ನು ಬಿಡು, ಎದೆ ಏರಿಳಿಯುವುದನ್ನು ನೋಡಿದರೆ ಸಾಕು. ಅದು ಮಲಗಿದಾಗ ನೀನೂ ಮಲಗು. ಕಬ್ಬಿಣದ ಮಾತ್ರೆ ನಿಲ್ಲಿಸಬೇಡ.

ಕೋರ್ಟಿನ ವಿಷಯ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಹೌದು ಅನ್ನುವಲ್ಲಿ ಹೌದು, ಇಲ್ಲ ಅನ್ನುವಲ್ಲಿ ಇಲ್ಲ. ವರದಿ ನಿನ್ನದು, ಸಹಿ ನಿನ್ನದು. ತನ್ನ ಸಹಿ ತನ್ನದಲ್ಲ ಅಂದ ಡಾಕ್ಟರನ್ನು ಆಮೇಲೆ ಯಾರೂ ನಂಬುವುದಿಲ್ಲ. ನಿನ್ನ ಮೇಲೆ ವಿಚಾರಣೆ ಕೂರಿಸುತ್ತಾರೆ. ನೌಕರಿಗೆ ಸೇರಿ ಎರಡು ವರ್ಷವಾಗಿಲ್ಲ. ಇಷ್ಟಕ್ಕೂ ಅದು ಒಂದು ಸಾಲು. ಮೊದಲ ಪುಟದಲ್ಲಿ ಬೆರಳಿನ ಗುರುತು ಇದೆಯಲ್ಲ, ಅದು ಸಾಕು.

ನನ್ನ ಕಾಲದಲ್ಲಿ ಆ ಆಸ್ಪತ್ರೆಗೆ ನಾನೊಬ್ಬಳೇ ಲೇಡಿ ಡಾಕ್ಟರ್. ಹೆರಿಗೆ ನಾನೇ, ಗಾಯ ನಾನೇ, ಪೊಲೀಸರು ತಂದವರನ್ನೂ ನಾನೇ ನೋಡಬೇಕು. ಹೊರಗೆ ಬೆಂಚಿನ ಮೇಲೆ ಅರವತ್ತು ಜನ ಕಾಯುತ್ತಿರುತ್ತಿದ್ದರು. ಕಾಲಂ ಖಾಲಿ ಬಿಟ್ಟರೆ ವಕೀಲರು ಅದನ್ನೇ ಹಿಡಿದು ಎಳೆದಾಡುತ್ತಿದ್ದರು. ತುಂಬಿಸಿದೆ. ನನಗೆ ಕಲಿಸಿದವರೂ ಹಾಗೇ ತುಂಬಿಸುತ್ತಿದ್ದರು.

ನಿನಗೆ ಕೊಬ್ಬು ಅಂದಿದ್ದು ತಪ್ಪಿರಬಹುದು. ಹಟ ಅನ್ನಬೇಕಿತ್ತು.

ಚಿಕ್ಕಮ್ಮ ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದಳು.

ಅಮ್ಮ


ಜನವರಿ ೨೮

ಅಮ್ಮಾ,

ತೂಕ ಐದು ಕೆಜಿ ಆರುನೂರು ಗ್ರಾಂ. ನಿನಗೆ ಉತ್ತರ ಕೊಡದೆ ನಾನು ಮಲಗಲಾರೆ, ಆದ್ದರಿಂದ ‘ನೀನೂ ಮಲಗು’ ಅನ್ನುವ ಮಾತು ಬಿಡು.

ಒಂದು ಸಾಲು ಅಂದೆ. ಆ ಒಂದು ಸಾಲಿನ ಮೇಲೆ ಅವನಿಗೆ ಜಾಮೀನು ಸಿಕ್ಕಿದೆ. ಸರ್ಕಾರಿ ವಕೀಲರ ಆಫೀಸಿಗೆ ಹೋಗಿ ಕೇಳಿಕೊಂಡು ಬಂದೆ. ಅವನ ವಕೀಲ ಬೆರಳಿನ ಗುರುತು ಇರುವ ಪುಟವನ್ನು ಮಗುಚಿಯೂ ನೋಡಲಿಲ್ಲವಂತೆ. ಎದ್ದು ನಿಂತು ಹದಿನಾಲ್ಕನೇ ಕಾಲಂ ಗಟ್ಟಿಯಾಗಿ ಓದಿದನಂತೆ, “ಇದನ್ನು ನಾನು ಹೇಳ್ತಿಲ್ಲ, ಸರ್ಕಾರಿ ಡಾಕ್ಟರೇ ಹೇಳ್ತಿದ್ದಾರೆ, ಅದೂ ಒಬ್ಬ ಹೆಂಗಸು” ಅಂದನಂತೆ. ಆ ಹೆಂಗಸು ನಾನು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ, ಮಗುವನ್ನು ಎದೆಗೆ ಕಟ್ಟಿಕೊಂಡೇ. ನಿನ್ನ ಟೈಪಿಸ್ಟ್ ಮಾಮ ಅದೇ ಕಿಟಕಿಯ ಪಕ್ಕ, ಅದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ, ಆದರೆ ಈಗಲೂ ಕೀ ಒತ್ತುವುದು ಮೊಳೆ ಹೊಡೆದ ಹಾಗೆ. ನನ್ನನ್ನು ನೋಡಿ ಮುಖ ಅರಳಿತು.

“ಅಯ್ಯೋ, ಪುಟ್ಟ ಡಾಕ್ಟರಮ್ಮ ಬಂದ್ರು! ಕೊಡಿ ಇಲ್ಲಿ ಮಗೂನ.”

“ಮಾಮ, ಹದಿನಾಲ್ಕನೇ ಕಾಲಂ ನಾನು ಗೆರೆ ಎಳೆದು ಬಿಟ್ಟಿದ್ದೆ. ಯಾರು ತುಂಬಿಸಿದ್ದು?”

“ನಾನೇ. ಮತ್ತಿನ್ಯಾರು?” ಹೆಮ್ಮೆಯಿಂದಲೇ ಅಂದರು. “ನೀವು ದಿನ ತುಂಬಿದ ಬಸುರಿ, ಸುಸ್ತಾಗಿ ಮರ್ತಿದ್ದೀರ ಅಂದ್ಕೊಂಡೆ. ಗೆರೆ ಪೆನ್ನು ಜಾರಿ ಬಿದ್ದಿದ್ದು ಅಂದ್ಕೊಂಡೆ. ದೊಡ್ಡಮ್ಮಾವ್ರು ಇಪ್ಪತ್ತೆರಡು ವರ್ಷ ಅದನ್ನೇ ಹೇಳಿ ಬರೆಸ್ತಿದ್ರು. ಒಂದಿನ ‘ಪ್ರತಿ ಸಲ ಹೇಳೋದೇನು, ಅದನ್ನ ನೀನೇ ಹಾಕಿಬಿಡು’ ಅಂದ್ರು. ಆವತ್ತಿಂದ ಹಾಕ್ತಿದ್ದೀನಿ. ಯಾರೂ ಬೇಡ ಅಂದಿಲ್ಲ. ಖಾಲಿ ಬಿಟ್ರೆ ನಿಮ್ಮನ್ನ ಬೈತಾರೆ ಅಂತ...”

ನನಗೆ ಒಳ್ಳೆಯದಾಗಲಿ ಅಂತ ಮಾಡಿದ್ದಮ್ಮ ಇದು! ಬೈಯೋಣ ಅಂತ ಬಾಯಿ ತೆರೆದರೆ ಅಲಾರಂ ಅವರ ಕನ್ನಡಕ ಕಿತ್ತುಕೊಂಡು ಕುಣಿಯುತ್ತಿದ್ದಾಳೆ. ಕೈಬರಹದ ಪ್ರತಿ ಕೇಳಿದೆ. ಟೈಪಾದ ಮೇಲೆ ಹರಿದು ಹಾಕುವುದು ರೂಢಿಯಂತೆ. ಇದನ್ನು ಕೋರ್ಟಿಗೆ ಬಂದು ಹೇಳುತ್ತೀರಾ ಅಂದೆ. “ರಿಟೈರಾಗೋಕೆ ನಾಲ್ಕೇ ತಿಂಗ್ಳು ಮಗಾ” ಅಂದು ಮಗುವನ್ನು ವಾಪಸ್ ಕೊಟ್ಟರು.

ಸೂಪರಿಂಟೆಂಡೆಂಟರು “ಹೋಗಿ ಓದಿ ಬನ್ನಿ, ಅಷ್ಟೇ ನಿಮ್ಮ ಕೆಲಸ” ಅಂದರು. ನೀನು ಹೇಳಿದ್ದೂ ಅದನ್ನೇ. ನಿಮ್ಮಿಬ್ಬರಿಗೂ ಒಬ್ಬರೇ ಹೇಳಿ ಬರೆಸುತ್ತಾರಾ?

ಒಂದು ಕೇಳುತ್ತೇನೆ. ಅಷ್ಟೂ ವರ್ಷ ಆ ಕಾಲಮ್ಮಿನಲ್ಲಿ ಬರೆದದ್ದನ್ನು ನೀನು ಒಂದು ಸಲವಾದರೂ ನೋಡಿ ಬರೆದೆಯಾ? ಅಥವಾ ಬಾಗಿಲ ಹೊರಗಿದ್ದ ಅರವತ್ತು ಜನರನ್ನು ನೋಡಿ ಬರೆದೆಯಾ?

ಮಗಳು


ಫೆಬ್ರವರಿ ೮

ಡಾಕ್ಟರಮ್ಮನವರಿಗೆ ನಮಸ್ಕಾರ.

ನಾನು ಲಾಂಡ್ರಿಯವಳು. ಸೆಪ್ಟೆಂಬರಲ್ಲಿ ನಿಮ್ಮ ಹತ್ರ ಬಂದಿದ್ದೆ. ಸರ್ಕಾರಿ ವಕೀಲರು ನಿಮ್ಮ ವಿಳಾಸ ಕೊಡಲ್ಲ ಅಂದ್ರು, ಕಾಗದ ಬರೆದುಕೊಟ್ರೆ ತಲುಪಿಸ್ತೀನಿ ಅಂದ್ರು. ಏಳನೇ ಕ್ಲಾಸ್ ಓದಿದ್ದೀನಿ, ತಪ್ಪಿದ್ರೆ ಸರಿಮಾಡ್ಕೊಂಡು ಓದಿ.

ಅವತ್ತು ನೀವು ನನ್ನ ಎದುರಿಗೆ ಗೆರೆ ಎಳೆದ್ರಿ. ಇದನ್ನ ಬರೆಯಲ್ಲ ಅಂದ್ರಿ. ಅಷ್ಟು ದಿನದಲ್ಲಿ ಮೊದಲ್ನೇ ಸಲ ಒಬ್ಬರು ನನ್ನ ಕಡೆ ಮಾತಾಡಿದ್ರು ಅಂತ ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡ್ದೆ. ಆಮೇಲೆ ಜಾಮೀನಿನ ದಿನ ಆ ವಕೀಲ ನಿಮ್ಮ ಹೆಸರಲ್ಲಿ ಅದನ್ನೇ ಓದ್ದ.

ನನಗೆ ಗಂಡ ಇದ್ದಾನೆ. ಇಬ್ಬರು ಮಕ್ಕಳಿದ್ದಾರೆ, ದೊಡ್ಡವನು ಐದನೇ ಕ್ಲಾಸು. ಹನ್ನೆರಡು ವರ್ಷ ಸಂಸಾರ ಮಾಡಿದವಳು ಸಂಸಾರ ಮಾಡಿದ್ದಾಳೆ ಅಂತ ಕಂಡುಹಿಡಿಯೋಕೆ ಡಾಕ್ಟರ್ ಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಆದ್ರೆ ಅದಕ್ಕೂ ಅವನು ಮಾಡಿದ್ದಕ್ಕೂ ಏನು ಸಂಬಂಧ? ದಿನಾ ಊಟ ಮಾಡೋರ ಬಾಯಿಗೆ ಯಾರು ಬೇಕಾದ್ರೂ ಏನು ಬೇಕಾದ್ರೂ ತುರುಕಬಹುದಾ?

ಲಾಂಡ್ರಿಯಲ್ಲಿ ಎಲ್ರಿಗೂ ಆ ಸಾಲು ಗೊತ್ತಾಗಿದೆ. ಕೆಲವರು ಗುಸುಗುಸು ಅಂತಾರೆ. ನಾನು ಕೆಲಸ ಬಿಟ್ಟಿಲ್ಲ. ಅವನು ಬಿಡ್ಲಿ. ನನ್ನ ಟೇಬಲ್ಲು ಬಾಗಿಲಿಗೆ ಎದುರಿಗಿದೆ, ಬಂದೋರೆಲ್ಲ ನನ್ನ ಮುಖ ನೋಡ್ಲೇಬೇಕು. ನಿಮ್ಮ ಆಸ್ಪತ್ರೆಯ ಬಿಳಿ ಕೋಟುಗಳಿಗೆ ಈಗಲೂ ನಾನೇ ಇಸ್ತ್ರಿ ಹಾಕೋದು. ಒಂದೊಂದ್ಸಲ ಸುಟ್ಟುಬಿಡೋಣ ಅನ್ಸತ್ತೆ. ಸುಟ್ಟಿಲ್ಲ.

ನೀವು ಬಂದು ಇದ್ದದ್ದು ಇದ್ದ ಹಾಗೆ ಹೇಳ್ತೀರೋ ಇಲ್ವೋ ಮೊದಲೇ ಹೇಳಿಬಿಡಿ. ಇಲ್ಲ ಅಂದ್ರೂ ಪರ್ವಾಗಿಲ್ಲ, ನಾನು ಬರ್ತೀನಿ. ಆದ್ರೆ ನಂಬ್ಕೊಂಡು ಬಂದು ಅಲ್ಲಿ ಕೈಕೊಟ್ಟಿದ್ದು ಗೊತ್ತಾಗೋದು ಬೇಡ. ಒಂದ್ಸಲ ಆಗಿದೆ, ಸಾಕು.

ಮಗು ಗಂಡೋ ಹೆಣ್ಣೋ? ಅವತ್ತು ನಿಮ್ಮ ಹೊಟ್ಟೆ ಕೆಳಗಿಳಿದಿತ್ತು, ಹೆಣ್ಣು ಅಂತ ಅಂದ್ಕೊಂಡಿದ್ದೆ.

ಇಂತಿ,
ಇಸ್ತ್ರಿ ಟೇಬಲ್ಲಿನವಳು


ಫೆಬ್ರವರಿ ೧೧

ಅಮ್ಮಾ,

ಎರಡು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಇದರ ಜೊತೆ ಅವಳ ಕಾಗದದ ನಕಲು ಇಟ್ಟಿದ್ದೇನೆ. ಓದು. ಕನ್ನಡಕ ಹಾಕಿಕೊಂಡು ಓದು.

ಅವಳಿಗೆ ಬರೆದುಬಿಟ್ಟೆ: ಬರುತ್ತೇನೆ, ಹೇಳುತ್ತೇನೆ, ಹೆಣ್ಣು ಮಗು.

ಓದದೆ ಸಹಿ ಹಾಕಿದೆ ಅಂತ ಒಪ್ಪಿಕೊಳ್ಳುತ್ತೇನೆ. ವಿಚಾರಣೆ ಕೂರಿಸಲಿ. ಆ ಸಾಲು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಅದನ್ನೂ ಹೇಳುತ್ತೇನೆ, ನಿನ್ನನ್ನು ಹೆಸರಿಸಿಯೇ ಹೇಳುತ್ತೇನೆ. ಬೆನ್ನ ಹಿಂದೆ ಹೇಳಿದಳು ಅಂತ ಆಗಬಾರದು, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಬೇಡ ಅನ್ನುವುದಿದ್ದರೆ ಮಾರ್ಚ್ ನಾಲ್ಕರ ಒಳಗೆ ಬರಿ. ಬರೆದರೂ ನಾನು ಕೇಳುತ್ತೇನೋ ಇಲ್ಲವೋ ಗೊತ್ತಿಲ್ಲ.

ನನಗೆ ಭಯ ಇಲ್ಲ ಅಂದುಕೊಳ್ಳಬೇಡ. ಮಗುವಿಗೆ ಹಾಲು ಕುಡಿಸುತ್ತಾ ಕೋರ್ಟಿನಲ್ಲಿ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತೇನೆ, ಅವಳು ಕುಡಿಯುವುದು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ಆ ನೋಟಕ್ಕೆ ಇನ್ನೂ ಹದಿನಾರು, ಹದಿನೇಳು ವರ್ಷ ಕಳೆದರೆ ಮಾತು ಬರುತ್ತದೆ, ಪ್ರಶ್ನೆ ಬರುತ್ತದೆ. ಅವತ್ತು ನಾನು ನಿನ್ನ ಹಾಗೆ ಉತ್ತರ ಹೇಳದೆ ಕನ್ನಡಕ ಒರೆಸಿಕೊಳ್ಳುತ್ತಾ ಕೂರುವವಳಾಗಬಾರದು.

ಮಗಳು


ಮಾರ್ಚ್ ೫

ಅಮ್ಮಾ,

ನೀನು ಬರೆಯಲಿಲ್ಲ. ನಾನು ಹೇಳಿದೆ.

ಕೋರ್ಟಿನ ಬಾಗಿಲು ಹಾಕಿದ್ದರು, ಇಂಥ ಕೇಸಿಗೆ ಹಾಗೇ ಮಾಡಬೇಕಲ್ಲ. ಒಳಗೆ ಏಳೆಂಟು ಜನ. ಅವಳು ಮೊದಲ ಬೆಂಚಿನ ತುದಿಯಲ್ಲಿ ಕೂತಿದ್ದಳು. ಗರಿಗರಿ ಇಸ್ತ್ರಿ ಮಾಡಿದ ಬಟ್ಟೆ, ಬೆನ್ನು ಬೆಂಚಿಗೆ ಒರಗಿಸಿರಲಿಲ್ಲ. ಅವನು ಆ ಕಡೆ, ನೆಲ ನೋಡುತ್ತಾ. ಮಗುವನ್ನು ಹೊರಗೆ ನಿನ್ನ ಅಳಿಯನ ಕೈಗೆ ಕೊಟ್ಟು ಹೋಗಿದ್ದೆ.

ಸರ್ಕಾರಿ ವಕೀಲರು ಬೆರಳಿನ ಗುರುತು ಕೇಳಿದರು, ಹೇಳಿದೆ. ಹದಿನಾಲ್ಕನೇ ಕಾಲಂ ಕೇಳಿದರು. ನಾನು ಗೆರೆ ಎಳೆದಿದ್ದೆ, ಟೈಪಾಗುವಾಗ ಸಾಲು ಸೇರಿತು, ನಾನು ಓದದೆ ಸಹಿ ಹಾಕಿದೆ ಅಂದೆ. ಅವನ ವಕೀಲ ಎದ್ದ. ಕರಿ ಕೋಟಿನ ತೋಳು ಮಡಚಿಕೊಂಡು, ಔತಣಕ್ಕೆ ಕೂತವನ ಹಾಗೆ.

“ಓದದೆ ಸಹಿ ಹಾಕ್ತೀರಾ ಡಾಕ್ಟ್ರೇ?”

“ಅವತ್ತು ಹಾಕಿದೆ. ತಪ್ಪು.”

“ಹಾಗಿದ್ರೆ ಈ ಬೆರಳಿನ ಗುರುತೂ ನೋಡದೆ ಬರೆದಿರಬಹುದಲ್ಲ?”

“ಅದನ್ನು ಸ್ಕೇಲ್ ಇಟ್ಟು ಅಳೆದಿದ್ದೀನಿ. ನಾಲ್ಕರ ಅಳತೆಯೂ ಬೇರೆಬೇರೆ ಇದೆ, ನೋಡಿ. ಹದಿನಾಲ್ಕನೇ ಕಾಲಂ ಮಾತ್ರ ಯಾರೂ ಏನೂ ನೋಡದೆ ಬರೆದದ್ದು.”

ಅಷ್ಟರಲ್ಲಿ ಹೊರಗಿನಿಂದ ಅಲಾರಂ ಹೊಡೆಯಿತು. ಮೂರು ಗೋಡೆ ದಾಟಿ ಬರುವ ದನಿ ಅವಳದು. ನನಗೆ ಹಾಲು ಇಳಿದು ರವಿಕೆ ಒದ್ದೆಯಾಯಿತು. ವಕೀಲ ನೋಡಿ ನಕ್ಕ: “ಸಾಕ್ಷಿ ಸ್ವಲ್ಪ ಒತ್ತಡದಲ್ಲಿ ಇದ್ದಂಗಿದೆ, ಬೇಕಾದ್ರೆ ಇನ್ನೊಂದಿನ...”

“ಹಾಲು ಇಳಿದಿದೆ, ವಕೀಲರೇ. ಬುದ್ಧಿ ಇಳಿದಿಲ್ಲ. ಕೇಳಿ.”

ಇದನ್ನು ನಾನೇ ಹೇಳಿದೆನಾ ಅಂತ ಈಗಲೂ ಅನುಮಾನ. ಮೊದಲ ಬೆಂಚಿನ ತುದಿಯಿಂದ ‘ಹ್ಞೂಂ’ ಅಂತ ಒಂದು ಸದ್ದು ಬಂತು. ನ್ಯಾಯಾಧೀಶರು ತಲೆಯೆತ್ತಿ, ಹತ್ತು ನಿಮಿಷ ಬಿಡುವು ಕೊಟ್ಟು, ಹೋಗಿ ಬನ್ನಿ ಅಂದರು.

ವಾಪಸ್ ಬಂದ ಮೇಲೆ ಅವರೇ ಕೇಳಿದರು: “ಆ ವಾಕ್ಯ ನಿಮ್ಮದಲ್ಲ ಅಂತೀರಿ. ಹಾಗಾದ್ರೆ ಯಾರದು?”

“ನನ್ನ ತಾಯಿಯದು” ಅಂದೆ. “ಅದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಪ್ರತಿ ವರದಿಗೂ ಆ ವಾಕ್ಯವನ್ನೇ ಬರೆಸುತ್ತಿದ್ದರು. ಟೈಪಿಸ್ಟಿಗೆ ಬಾಯಿಪಾಠವಾಗಿದೆ.”

ವಕೀಲ ಗಹಗಹಿಸಿದ. “ಅದ್ಭುತ! ಸಾಕ್ಷಿ ಎಲ್ಲಿ?”

ನನ್ನ ಹತ್ತಿರ ಇರಲಿಲ್ಲ. ಇಲ್ಲ ಅಂದೆ. ನ್ಯಾಯಾಧೀಶರು ಏನೋ ಬರೆದುಕೊಂಡು, ನಿನಗೂ ಟೈಪಿಸ್ಟ್ ಮಾಮನಿಗೂ ಸಮನ್ಸ್ ಕಳಿಸಲು ಹೇಳಿದರು. ಮುಂದಿನ ತಾರೀಕು ಏಪ್ರಿಲ್ ಎರಡು.

ಹೊರಗೆ ಅವಳು ನನ್ನ ಹತ್ತಿರ ಬಂದು, ಮಗುವಿನ ಪಾದ ಹಿಡಿದು ನೋಡಿದಳು. “ಜೋರು ಗಂಟಲು. ಹೀಗೇ ಇರ್ಲಿ” ಅಂದಳು. ಬಸ್ಸಿಗೆ ಹೊತ್ತಾಯಿತು ಅಂತ ಹೋದಳು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು?

ನಿನ್ನ ಹೆಸರು ಹೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆದರೆ ಹೇಳುವಾಗ ನೋವಾಯಿತು. ಅದು ನಿನಗೆ ಗೊತ್ತಿರಲಿ.

ಇಲಾಖೆಯಿಂದ ನೋಟೀಸು ಇವತ್ತು ಬೆಳಿಗ್ಗೆಯೇ ಬಂತು. ಸಹಿ ಹಾಕಿ ತೆಗೆದುಕೊಂಡೆ. ಪೂರ್ತಿ ಓದಿ.

ನಿನ್ನ ಮಗಳು


ಮಾರ್ಚ್ ೧೯

ಮಗಳೇ,

ಸಮನ್ಸ್ ಬಂತು. ಇಲ್ಲಿಯ ಕಾನ್‌ಸ್ಟೇಬಲ್ ಮೆಟ್ಟಿಲು ಹತ್ತಿ ಬಂದು, ಕಿವಿ ಕೇಳದ ಮುದುಕಿ ಅಂತ ನನ್ನ ಕಿವಿಯ ಹತ್ತಿರ ಕೂಗಿದ. “ಕೂಗಬೇಡಪ್ಪಾ, ಕೇಳಿಸುತ್ತೆ” ಅಂದೆ. ನಿಜವಾಗಿಯೂ ಕೇಳಿಸಿತು. ಫೆಬ್ರವರಿ ಕೊನೆಯಲ್ಲಿ ಮಷೀನು ಹಾಕಿಸಿಕೊಂಡೆ. ಮೊದಲ ಎರಡು ದಿನ ಚಿಕ್ಕಮ್ಮನ ಪಾತ್ರೆಯ ಸದ್ದಿಗೆ ತಲೆ ಸಿಡಿಯಿತು. ಈಗ ಪರವಾಗಿಲ್ಲ. ವಕೀಲ ಕೇಳುವ ಪ್ರಶ್ನೆಗೆ ನಾನು ಹಾಂ ಹಾಂ ಅನ್ನುವ ಹಾಗಿಲ್ಲವಲ್ಲ.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲು ಕೂತಿದ್ದೆ. ಹರಿದು ಹಾಕಿದೆ. ಆ ಇಸ್ತ್ರಿ ಟೇಬಲ್ಲಿನವಳ ಕಾಗದ ಓದಿದ ಮೇಲೆ ಇನ್ನೊಬ್ಬಳು ನೆನಪಾಗಿ ಕೈ ಓಡಲಿಲ್ಲ.

ನೀನು ಆಗ ಹೈಸ್ಕೂಲು. ಒಂದು ಶಾಲೆಯಲ್ಲಿ ಕಸ ಗುಡಿಸುವವಳು. ಅವಳ ವರದಿಯಲ್ಲಿಯೂ ಅದೇ ಸಾಲು ಹೋಯಿತು. ಅವಳು ಯಾರ ಮೇಲೆ ದೂರು ಕೊಟ್ಟಿದ್ದಳೋ ಅವನು ಬಿಡುಗಡೆಯಾದ. ಆರು ತಿಂಗಳಾದ ಮೇಲೆ ಅವಳು ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಒಳಗೆ ಬಂದಳು. ಏನಾಗಿದೆ ಅಂದೆ. “ಏನೂ ಆಗಿಲ್ಲ. ಒಂದು ಕೇಳಬೇಕು. ನೀವು ನನ್ನ ನೋಡಿದ್ದು ಹತ್ತು ನಿಮಿಷ. ಅಷ್ಟರಲ್ಲಿ ನಾನು ಎಂಥವಳು ಅಂತ ಹೆಂಗೆ ಗೊತ್ತಾಯ್ತು?” ಅಂದಳು. ನಾನು ಗಂಟೆ ಒತ್ತಿ ಮುಂದಿನವರನ್ನು ಕರೆದೆ. ಅವಳು ಎದ್ದು ಹೋದಳು. ಕುರ್ಚಿಯನ್ನು ಸರಿಯಾಗಿ ಮೇಜಿನ ಕೆಳಗೆ ತಳ್ಳಿ ಹೋದಳು.

ಅದಾದ ಮೇಲೇ ಟೈಪಿಸ್ಟಿಗೆ ನೀನೇ ಹಾಕಿಬಿಡು ಅಂದಿದ್ದು. ಆ ಮಾತು ನನ್ನ ಬಾಯಿಂದ ಮತ್ತೆ ಬರುವುದು ಬೇಡವಾಗಿತ್ತು. ಸಾಲು ತೆಗೆಯುವ ಧೈರ್ಯ ಇರಲಿಲ್ಲ, ಹೇಳುವುದನ್ನು ಮಾತ್ರ ನಿಲ್ಲಿಸಿದೆ. ನೋಡಿ ಬರೆದೆಯಾ ಅಂತ ಕೇಳಿದೆಯಲ್ಲ. ಇಲ್ಲ.

ಈಗ ಕೆಲಸದ ಮಾತು. ಸಾಕ್ಷಿ ಎಲ್ಲಿ ಅಂತ ಕೇಳಿದನಂತೆ ಆ ವಕೀಲ. ನನ್ನ ಹತ್ತಿರ ಇದೆ. ಟೈಪ್ ಆದ ಪ್ರತಿ ವರದಿಗೂ ಕಾರ್ಬನ್ ಪ್ರತಿ ಇಟ್ಟುಕೊಳ್ಳುವ ಅಭ್ಯಾಸ ನನಗೆ, ನಾಳೆ ಯಾರಾದರೂ ನನ್ನ ಮೇಲೆ ತಪ್ಪು ಹೊರಿಸಿದರೆ ಬೇಕು ಅಂತ. ಹನ್ನೊಂದು ಕಟ್ಟು. ಚಿಕ್ಕಮ್ಮನ ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ಟೈಪಿಸ್ಟಿಗೆ ಕಾಗದ ಹಾಕಿದೆ. ಭಾನುವಾರ ಬಸ್ಸು ಹತ್ತಿ ಬಂದ. ಬಾಗಿಲಲ್ಲೇ ನಿಂತು “ಅಮ್ಮಾವ್ರೇ, ನಾನು ಒಳ್ಳೇದಕ್ಕೆ ಮಾಡಿದ್ದು” ಅಂತ ಅತ್ತ. “ನಾನು ಕೆಟ್ಟದ್ದಕ್ಕೆ ಮಾಡಿದ್ದೆನೇನೋ? ಒಳಗೆ ಬಾ, ಗೋಂದು ತಂದಿದ್ದೀಯಾ?” ಅಂದೆ.

ಇಬ್ಬರೂ ಕೂತು ಪ್ರತಿ ಹಾಳೆಯಲ್ಲಿ ಹೆಂಗಸಿನ ಹೆಸರು, ವಿಳಾಸದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದೆವು. ಅವರು ಯಾರೂ ಮತ್ತೆ ಕೋರ್ಟಿಗೆ ಬರಬೇಕಾಗಿಲ್ಲ. ಮದುವೆಯಾಗದ ಟೀಚರ್, ಮೂರು ಮಕ್ಕಳ ತಾಯಿ, ಕೋಲು ಹಿಡಿದು ಬಂದ ಎಪ್ಪತ್ತರ ಮುದುಕಿ, ಆ ಕಸ ಗುಡಿಸುವವಳು. ಎಲ್ಲರಿಗೂ ಹದಿನಾಲ್ಕನೇ ಕಾಲಮ್ಮಿನಲ್ಲಿ ಅಕ್ಷರ ಬದಲಾಗದ ಅದೇ ಸಾಲು. ಎಲ್ಲರಿಗೂ ಒಂದೇ ರೋಗ ಬರೆದ ಡಾಕ್ಟರು ಯಾರನ್ನೂ ನೋಡಿಲ್ಲ ಅಂತ ತಿಳಿಯಲು ಕಾನೂನು ಓದಬೇಕಾಗಿಲ್ಲ. ಓದುತ್ತಾ ಓದುತ್ತಾ ಟೈಪಿಸ್ಟ್ ಕನ್ನಡಕ ತೆಗೆದಿಟ್ಟ. “ರಿಟೈರಾದ್ರೆ ಆಗ್ತೀನಿ, ಇಲ್ಲಾಂದ್ರೆ ಇಲ್ಲ. ನಾನೂ ಬಂದು ಹೇಳ್ತೀನಿ” ಅಂದ.

ಆ ಹಾಳೆಗಳು ಹೊರಬಿದ್ದರೆ ನನ್ನ ಹೆಸರು ಏನಾಗುತ್ತದೆ ಅಂತ ಚಿಕ್ಕಮ್ಮ ಕೇಳಿದಳು. ಇಷ್ಟು ವರ್ಷ ಅವರ ಹೆಸರು ಏನಾಗಿತ್ತು ಅಂದೆ. ಅವಳು ಕಾಫಿ ಮಾಡಲು ಒಳಗೆ ಹೋದಳು.

ಏಪ್ರಿಲ್ ಒಂದಕ್ಕೇ ಬರುತ್ತೇನೆ. ನಿನ್ನ ವಿಚಾರಣೆಗೂ ಬರುತ್ತೇನೆ, ಕರೆಯದಿದ್ದರೂ ಬಂದು ಬೆಂಚಿನ ಮೇಲೆ ಕೂರುತ್ತೇನೆ, ಹಾಗೆ ಕೂರುವುದನ್ನು ಆ ಕಸ ಗುಡಿಸುವವಳು ನನಗೆ ಕಲಿಸಿದ್ದಾಳೆ. ಅಲಾರಂ ಹೊಡೆದರೆ ನಾನು ಎತ್ತಿಕೊಳ್ಳುತ್ತೇನೆ, ನೀನು ಮಲಗು.

ನನ್ನ ಹೇಳಿಕೆಯನ್ನು ಟೈಪಿಸ್ಟಿಗೆ ಹೇಳಿ ಬರೆಸಿದೆ. ಎರಡು ಪುಟ. “ಅಭಿಪ್ರಾಯಪಡಲಾಗಿದೆ” ಅಂತ ಅವನು ಅಭ್ಯಾಸಬಲದಿಂದ ಒಂದು ಕಡೆ ಹಾಕಿದ್ದ. ಹೊಡೆದು ಹಾಕಿ “ನಾನು ಬರೆಸಿದೆ” ಅಂತ ನನ್ನ ಕೈಯಲ್ಲೇ ಬರೆದೆ. ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದೆ. ಆಮೇಲೆ ಸಹಿ ಹಾಕಿದೆ.

ಅಮ್ಮ